ಆಕಾಶಕ್ಕೆ ಅಳತೆಗೋಲು ಕೊಟ್ಟ ಹೆನ್ರಿಯೆಟಾ ಲೆವಿಟ್



ಕರೆಂಟು ಹೋದ ರಾತ್ರಿ ಅಂಗಳದಲ್ಲಿ ನಿಂತು ದೂರಕ್ಕೆ ದೃಷ್ಟಿ ಹಾಯಿಸಿದ್ದೀರಾ? ಕೆರೆಯ ಆಚೆ ಎಲ್ಲೋ ಒಂದು ಬೆಳಕು ಕಾಣುತ್ತದೆ. ಅದು ಹತ್ತಿರದಲ್ಲೇ ಇರುವ ಚಿಕ್ಕ ದೀಪವೋ, ಬಲು ದೂರದಲ್ಲಿರುವ ದೊಡ್ಡ ದೀಪವೋ? ಕತ್ತಲಲ್ಲಿ ಬರೀ ಬೆಳಕನ್ನು ನೋಡಿ ಹೇಳುವುದು ಕಷ್ಟ. ಬೆಳಗಾದ ಮೇಲೆ ನಡೆದುಕೊಂಡು ಹೋಗಿ ನೋಡಿ ಬರಬಹುದು.

ನಕ್ಷತ್ರಗಳ ವಿಷಯದಲ್ಲಿ ಹೀಗೆ ಹೋಗಿ ನೋಡಿಬರುವಂತಿಲ್ಲ. ಒಂದು ಶಾಲೆಯಲ್ಲಿ ಗೆಲಾಕ್ಸಿಗಳ ಬಗ್ಗೆ ಪಾಠ ಮಾಡುತ್ತಾ, ಆಂಡ್ರೊಮೀಡಾ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಹೇಳಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಅಲ್ಲಿಯವರೆಗೆ ಟೇಪು ಹಿಡಿದುಕೊಂಡು ಹೋದವರು ಯಾರು ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ದೊಡ್ಡ ಖಗೋಳ ವಿಜ್ಞಾನಿಗಳ ತಲೆ ತಿನ್ನುತ್ತಿದ್ದುದು ಇದೇ ಪ್ರಶ್ನೆ. ಅದಕ್ಕೆ ದಾರಿ ತೋರಿಸಿದವರು ಒಬ್ಬ ಮಹಿಳೆ. ಅವರಿಗೆ ದೂರದರ್ಶಕ ಮುಟ್ಟುವ ಅವಕಾಶವಿರಲಿಲ್ಲ, ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರ ಹೆಸರು ಹೆನ್ರಿಯೆಟಾ ಸ್ವಾನ್ ಲೆವಿಟ್.

ಓದಿನ ದಿನಗಳು

ಲೆವಿಟ್ ಹುಟ್ಟಿದ್ದು 1868ರ ಜುಲೈ 4ರಂದು, ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಲೆವಿಟ್ ಮೊದಲು ಓಬರ್ಲಿನ್ ಕಾಲೇಜಿನಲ್ಲಿ ಓದಿದರು. ಆಮೇಲೆ ಕೇಂಬ್ರಿಜ್ ನಗರಕ್ಕೆ ಬಂದರು. ಇದು ಇಂಗ್ಲೆಂಡಿನ ಕೇಂಬ್ರಿಜ್ ಅಲ್ಲ, ಅದೇ ಹೆಸರಿನ ಅಮೆರಿಕದ ಊರು. ಹೆಸರಾಂತ ಹಾರ್ವರ್ಡ್ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ.

ಆಗ ಹಾರ್ವರ್ಡ್ ಮಹಿಳೆಯರಿಗೆ ಪದವಿ ಕೊಡುತ್ತಿರಲಿಲ್ಲ. ಅವರಿಗಾಗಿ ಪಕ್ಕದಲ್ಲೇ ಬೇರೊಂದು ಸಂಸ್ಥೆ ಇತ್ತು. ಅದೇ ಮುಂದೆ ರ‍್ಯಾಡ್‌ಕ್ಲಿಫ್ ಕಾಲೇಜು ಎಂದು ಹೆಸರಾಯಿತು. ಲೆವಿಟ್ ಅಲ್ಲಿ ಭಾಷೆ, ಇತಿಹಾಸ, ಗಣಿತ ಮೊದಲಾದ ವಿಷಯಗಳನ್ನು ಓದಿದರು. ಕೊನೆಯ ವರ್ಷ ಖಗೋಳ ವಿಜ್ಞಾನವನ್ನೂ ತೆಗೆದುಕೊಂಡರು. 1892ರಲ್ಲಿ ಓದು ಮುಗಿಯಿತು. ಆದರೆ ಆಕಾಶದ ಮೇಲೆ ಹುಟ್ಟಿದ ಆಸೆ ಮುಗಿಯಲಿಲ್ಲ. ಹಾರ್ವರ್ಡ್ ಖಗೋಳ ವೀಕ್ಷಣಾಲಯಕ್ಕೆ ಹೋಗಿ ಸಂಬಳವಿಲ್ಲದೆ ಕೆಲಸಕ್ಕೆ ಸೇರಿಕೊಂಡರು.

ಗಾಜಿನ ಮೇಲಿನ ಆಕಾಶ

ಆ ಹೊತ್ತಿಗೆ ಖಗೋಳ ವಿಜ್ಞಾನದಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು. ದೂರದರ್ಶಕದ ಮೂಲಕ ಕಣ್ಣಿನಿಂದ ನೋಡಿ ಬರೆದುಕೊಳ್ಳುವ ಬದಲು, ದೂರದರ್ಶಕಕ್ಕೆ ಗಾಜಿನ ಫಲಕ ಜೋಡಿಸಿ ಆಕಾಶದ ಫೋಟೋ ತೆಗೆಯುತ್ತಿದ್ದರು. ಗಾಜಿನ ಒಂದು ಬದಿಗೆ ಬೆಳಕು ಬಿದ್ದರೆ ಕಪ್ಪಾಗುವ ರಾಸಾಯನಿಕ ಬಳಿದಿರುತ್ತಿತ್ತು. ಆದ್ದರಿಂದ ಫಲಕದ ಮೇಲೆ ನಕ್ಷತ್ರಗಳು ಕಪ್ಪು ಚುಕ್ಕೆಗಳಾಗಿ ಮೂಡುತ್ತಿದ್ದವು. ಹೊಳೆಯುವ ನಕ್ಷತ್ರವಾದರೆ ಚುಕ್ಕೆ ದೊಡ್ಡದು, ಮಂಕಾದ ನಕ್ಷತ್ರವಾದರೆ ಚುಕ್ಕೆ ಚಿಕ್ಕದು. ಫಲಕವನ್ನು ಬಹಳ ಹೊತ್ತು ಬೆಳಕಿಗೆ ತೆರೆದಿಟ್ಟರೆ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡುತ್ತಿದ್ದವು.

ಹೀಗೆ ಸಾವಿರಾರು ಫಲಕಗಳು ಹಾರ್ವರ್ಡಿನಲ್ಲಿ ರಾಶಿ ಬಿದ್ದವು. ಒಂದೊಂದು ಫಲಕದಲ್ಲಿ ಸಾವಿರಾರು ಚುಕ್ಕೆಗಳು. ಇವನ್ನೆಲ್ಲ ಗುರುತಿಸಿ, ಅಳೆದು, ಪಟ್ಟಿ ಮಾಡುವವರು ಯಾರು? ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಈ ಕೆಲಸಕ್ಕೆ ಮಹಿಳೆಯರನ್ನು ನೇಮಿಸಿಕೊಂಡರು. ಅವರು ತಾಳ್ಮೆಯಿಂದ, ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದರು. ಜೊತೆಗೆ ಗಂಡಸರಿಗಿಂತ ಕಡಿಮೆ ಸಂಬಳಕ್ಕೆ ಸಿಗುತ್ತಿದ್ದರು! ಗಂಟೆಗೆ ಸುಮಾರು 25 ಸೆಂಟ್ ಕೂಲಿ. ನೂರು ಸೆಂಟ್ ಸೇರಿದರೆ ಒಂದು ಡಾಲರ್.

ಈ ಮಹಿಳೆಯರನ್ನು ಏನೆಂದು ಕರೆಯುತ್ತಿದ್ದರು ಗೊತ್ತೇ? ಕಂಪ್ಯೂಟರ್ ಎಂದು! ಲೆಕ್ಕ ಮಾಡುವವರು ಎಂದು ಅದರ ಅರ್ಥ. ಯಂತ್ರಕ್ಕೆ ಆ ಹೆಸರು ಬಂದದ್ದು ಆಮೇಲೆ. ರಾತ್ರಿ ದೂರದರ್ಶಕದ ಬಳಿ ನಿಂತು ಫೋಟೋ ತೆಗೆಯುವುದು ಗಂಡಸರ ಕೆಲಸವೆಂದೂ, ಹಗಲು ಮೇಜಿನ ಮುಂದೆ ಕುಳಿತು ಫಲಕ ಪರೀಕ್ಷಿಸುವುದು ಹೆಂಗಸರ ಕೆಲಸವೆಂದೂ ಆಗಿನವರು ಹಂಚಿಬಿಟ್ಟಿದ್ದರು. ಆದರೆ ಆ ಮೇಜುಗಳಿಂದಲೇ ದೊಡ್ಡ ಶೋಧಗಳು ಹೊರಬಂದವು. ವಿಲಿಯಮಿನಾ ಫ್ಲೆಮಿಂಗ್ ಮತ್ತು ಆ್ಯನಿ ಜಂಪ್ ಕೆನನ್ ನಕ್ಷತ್ರಗಳನ್ನು ವರ್ಗೀಕರಿಸಿ ಹೆಸರಾದದ್ದು ಇಲ್ಲಿಯೇ.

ಕಿವಿ ಮಂದವಾಯಿತು

ಕೆಲವು ಕಾಲ ಕೆಲಸ ಮಾಡಿದ ಲೆವಿಟ್ 1896ರಲ್ಲಿ ಹಾರ್ವರ್ಡ್ ಬಿಟ್ಟರು. ಎರಡು ವರ್ಷ ಯುರೋಪಿನಲ್ಲಿ ಸುತ್ತಾಡಿದರು. ಬಳಿಕ ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಕಾಲೇಜಿನಲ್ಲಿ ಕಲಾ ವಿಭಾಗದ ಸಹಾಯಕಿಯಾಗಿದ್ದರು. ಈ ವರ್ಷಗಳಲ್ಲಿ ಕಾಯಿಲೆಯಿಂದಾಗಿ ಅವರ ಕಿವಿ ಕೇಳಿಸುವುದು ಕಡಿಮೆಯಾಗುತ್ತಾ ಬಂತು.

1902ರಲ್ಲಿ ಅವರು ಪಿಕರಿಂಗ್‌ಗೆ ಕಾಗದ ಬರೆದರು. ಹಿಂದೆ ಒಪ್ಪಿಕೊಂಡಿದ್ದ ಕೆಲಸ ಅರ್ಧಕ್ಕೇ ನಿಂತದ್ದಕ್ಕೆ ಕ್ಷಮೆ ಕೇಳಿ, ಅದನ್ನು ಮುಗಿಸುವ ಇಚ್ಛೆ ತಿಳಿಸಿದರು. ಅವರ ಕೆಲಸದ ಗುಣ ಪಿಕರಿಂಗ್‌ಗೆ ಗೊತ್ತಿತ್ತು. ಉಳಿದವರಿಗಿಂತ ಸ್ವಲ್ಪ ಹೆಚ್ಚು, ಗಂಟೆಗೆ 30 ಸೆಂಟ್ ಕೊಡುವುದಾಗಿ ಹೇಳಿ ಕರೆಸಿಕೊಂಡರು. ಲೆವಿಟ್ ಮತ್ತೆ ಗಾಜಿನ ಫಲಕಗಳ ಮುಂದೆ ಕುಳಿತರು. ಫಲಕಗಳನ್ನು ಓದಲು ಕಿವಿ ಬೇಕಿರಲಿಲ್ಲ, ಕಣ್ಣು ಮತ್ತು ಗಮನ ಸಾಕಿತ್ತು. ಅವೆರಡೂ ಅವರಲ್ಲಿ ಧಾರಾಳವಾಗಿದ್ದವು.

ಹೊಳಪು ಬದಲಿಸುವ ನಕ್ಷತ್ರಗಳು

ಅವರ ಪಾಲಿಗೆ ಬಂದದ್ದು ಚರ ನಕ್ಷತ್ರಗಳನ್ನು ಹುಡುಕುವ ಕೆಲಸ. ಚರ ನಕ್ಷತ್ರ ಎಂದರೆ ಹೊಳಪು ಒಂದೇ ಸಮನಾಗಿರದೆ ಹೆಚ್ಚು ಕಡಿಮೆ ಆಗುವ ನಕ್ಷತ್ರ. ನಾವು ರಾತ್ರಿ ನೋಡುವ ಮಿನುಗುವಿಕೆಗೂ ಇದಕ್ಕೂ ಸಂಬಂಧವಿಲ್ಲ. ಮಿನುಗುವುದು ನಮ್ಮ ಗಾಳಿಯ ಆಟ. ಚರ ನಕ್ಷತ್ರದಲ್ಲಿ ನಿಜಕ್ಕೂ ನಕ್ಷತ್ರದಿಂದ ಬರುವ ಬೆಳಕೇ ಹೆಚ್ಚು ಕಡಿಮೆ ಆಗುತ್ತದೆ.

ಚರ ನಕ್ಷತ್ರಗಳಲ್ಲಿ ಹಲವು ಬಗೆ. ಅವುಗಳಲ್ಲಿ ಒಂದು ಬಗೆಗೆ ಸೆಫೀಡ್ ಎಂದು ಹೆಸರು. ಸೀಫಿಯಸ್ ಎಂಬ ನಕ್ಷತ್ರಪುಂಜದ ಡೆಲ್ಟಾ ಸೆಫೈ ಎಂಬ ನಕ್ಷತ್ರದಿಂದ ಈ ಹೆಸರು ಬಂತು. ಅದು ಬೇಗ ಬೇಗ ಹೊಳಪೇರಿ, ನಿಧಾನವಾಗಿ ಮಂಕಾಗುತ್ತದೆ. ಒಂದು ಸುತ್ತು ಮುಗಿಯಲು ಸುಮಾರು 5 ದಿನ 9 ಗಂಟೆ. ಮತ್ತೆ ಅದೇ ಲಯ, ಗಡಿಯಾರದಂತೆ. ಇದನ್ನು 1784ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಜಾನ್ ಗುಡ್‌ರಿಕ್ ಎಂಬ ಇಪ್ಪತ್ತು ವರ್ಷದ ಯುವಕ. ಅವನಿಗೂ ಬಾಲ್ಯದಲ್ಲೇ ಕಾಯಿಲೆಯಿಂದ ಕಿವಿ ಕೇಳಿಸದಂತಾಗಿತ್ತು.

ಅಂದ ಹಾಗೆ, ನಮಗೆಲ್ಲ ಗೊತ್ತಿರುವ ಧ್ರುವ ನಕ್ಷತ್ರವೂ ಒಂದು ಸೆಫೀಡ್. ಅದರ ಸುತ್ತು ಸುಮಾರು ನಾಲ್ಕು ದಿನ. ಆದರೆ ಹೊಳಪಿನ ವ್ಯತ್ಯಾಸ ಬಹಳ ಸಣ್ಣದು. ಆದ್ದರಿಂದ ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಸೆಫೀಡ್‌ಗಳು ಹೀಗೇಕೆ ಮಾಡುತ್ತವೆ? ಅವು ಉಸಿರಾಡುವಂತೆ ಉಬ್ಬುತ್ತವೆ, ಕುಗ್ಗುತ್ತವೆ. ಅದರೊಂದಿಗೆ ಅವುಗಳ ಬಿಸಿಯೂ ಹೊಳಪೂ ಬದಲಾಗುತ್ತವೆ. ಲೆವಿಟ್ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಈ ಕಾರಣ ಸ್ಪಷ್ಟವಾಗಿರಲಿಲ್ಲ.

ಲಕ್ಷಗಟ್ಟಲೆ ಚುಕ್ಕೆಗಳ ನಡುವೆ ಹೊಳಪು ಬದಲಿಸುವ ಒಂದು ಚುಕ್ಕೆಯನ್ನು ಹುಡುಕುವುದು ಹೇಗೆ? ಇದಕ್ಕೊಂದು ಜಾಣ ಉಪಾಯವಿತ್ತು. ಆಕಾಶದ ಒಂದೇ ಭಾಗದ ಎರಡು ರಾತ್ರಿಗಳ ಫೋಟೋ ತೆಗೆದುಕೊಳ್ಳಬೇಕು. ಒಂದರಲ್ಲಿ ನಕ್ಷತ್ರಗಳು ಕಪ್ಪು ಚುಕ್ಕೆಗಳಾಗಿರಬೇಕು, ಇನ್ನೊಂದರಲ್ಲಿ ಬಿಳಿ ಚುಕ್ಕೆಗಳಾಗಿರಬೇಕು. ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಇಟ್ಟರೆ, ಬದಲಾಗದ ನಕ್ಷತ್ರದಲ್ಲಿ ಕಪ್ಪು ಚುಕ್ಕೆ ಬಿಳಿ ಚುಕ್ಕೆಯನ್ನು ಸರಿಯಾಗಿ ಮುಚ್ಚುತ್ತದೆ. ಹೊಳಪು ಬದಲಾಗಿದ್ದರೆ ಮುಚ್ಚುವುದಿಲ್ಲ, ಅಂಚಿನಲ್ಲಿ ಬಿಳಿಯೋ ಕಪ್ಪೋ ಉಳಿಯುತ್ತದೆ. ಭೂತಗನ್ನಡಿ ಹಿಡಿದು ಹೀಗೆ ಒಂದೊಂದೇ ಚುಕ್ಕೆ ನೋಡುತ್ತಾ ಹೋಗಬೇಕು. ಹೊಳಪು ಎಷ್ಟೆಂದು ಅಳೆಯಲು, ಚಿಕ್ಕದರಿಂದ ದೊಡ್ಡದರವರೆಗೆ ಚುಕ್ಕೆಗಳಿದ್ದ ಒಂದು ಪುಟ್ಟ ಗಾಜಿನ ತುಂಡನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು.

ಬೇಸರ ಬರುವ ಕೆಲಸ ಅಲ್ಲವೇ? ಆದರೆ ಲೆವಿಟ್ ತಮ್ಮ ಜೀವಮಾನದಲ್ಲಿ ಹೀಗೆ ಕಂಡುಹಿಡಿದ ಚರ ನಕ್ಷತ್ರಗಳು 2,400ಕ್ಕೂ ಹೆಚ್ಚು. ಆಗ ಗೊತ್ತಿದ್ದ ಎಲ್ಲ ಚರ ನಕ್ಷತ್ರಗಳಲ್ಲಿ ಸುಮಾರು ಅರ್ಧದಷ್ಟು ಅವರೊಬ್ಬರೇ ಹುಡುಕಿದವು!

ದಕ್ಷಿಣದ ಎರಡು ಮೋಡಗಳು

ಹಾರ್ವರ್ಡ್ ವೀಕ್ಷಣಾಲಯದ ಒಂದು ಶಾಖೆ ದಕ್ಷಿಣ ಅಮೆರಿಕದ ಪೆರು ದೇಶದ ಅರೆಕಿಪಾ ಎಂಬಲ್ಲಿತ್ತು. ಉತ್ತರದಿಂದ ಕಾಣದ ದಕ್ಷಿಣದ ಆಕಾಶ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿ ತೆಗೆದ ಫಲಕಗಳು ಹಡಗಿನಲ್ಲಿ ಹಾರ್ವರ್ಡಿಗೆ ಬರುತ್ತಿದ್ದವು.

ದಕ್ಷಿಣದ ಆಕಾಶದಲ್ಲಿ ಬಿಳಿ ಮೋಡದ ತುಣುಕುಗಳಂತೆ ಎರಡು ಕಾಯಗಳಿವೆ. ಅವುಗಳ ಹೆಸರು ದೊಡ್ಡ ಮೆಗಲನ್ ಮೋಡ ಮತ್ತು ಚಿಕ್ಕ ಮೆಗಲನ್ ಮೋಡ. ಹೆಸರು ಮೋಡವಾದರೂ ಅವು ಮೋಡಗಳಲ್ಲ. ನಮ್ಮ ಆಕಾಶಗಂಗೆಯ ನೆರೆಯಲ್ಲಿರುವ ಎರಡು ಸಣ್ಣ ಗೆಲಾಕ್ಸಿಗಳು, ಅಂದರೆ ನಕ್ಷತ್ರಗಳ ದೊಡ್ಡ ಗುಂಪುಗಳು. ನಮ್ಮ ಕರ್ನಾಟಕದಿಂದ ನೋಡಿದರೆ ಅವು ದಕ್ಷಿಣ ದಿಗಂತಕ್ಕೆ ಅಂಟಿಕೊಂಡಂತೆ ತೀರಾ ತಗ್ಗಿನಲ್ಲಿರುವುದರಿಂದ ಕಾಣುವುದು ಬಲು ಕಷ್ಟ.

ಲೆವಿಟ್ ಈ ಮೋಡಗಳ ಫಲಕಗಳನ್ನು ಪರೀಕ್ಷಿಸತೊಡಗಿದಾಗ ಚರ ನಕ್ಷತ್ರಗಳು ಸಾಲು ಸಾಲಾಗಿ ಸಿಕ್ಕವು. 1908ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ 1,777 ಚರ ನಕ್ಷತ್ರಗಳಿದ್ದವು. ಚಿಕ್ಕ ಮೋಡದಲ್ಲಿ 969, ದೊಡ್ಡ ಮೋಡದಲ್ಲಿ 808. ಅವರಿಗೆ ಒಪ್ಪಿಸಿದ್ದ ಕೆಲಸ ಇಷ್ಟೇ: ಹುಡುಕು, ಅಳೆ, ಪಟ್ಟಿ ಮಾಡು. ಪಟ್ಟಿ ಮುಗಿಸಿ ಎದ್ದು ಹೋಗಬಹುದಿತ್ತು.

ಆದರೆ ಲೆವಿಟ್ ತಾವೇ ಬರೆದ ಅಂಕಿಗಳನ್ನು ಮತ್ತೊಮ್ಮೆ ನೋಡಿದರು. ಚಿಕ್ಕ ಮೋಡದ 16 ನಕ್ಷತ್ರಗಳು ಒಂದು ಸುತ್ತು ಮುಗಿಸಲು ಎಷ್ಟು ದಿನ ತೆಗೆದುಕೊಳ್ಳುತ್ತವೆ ಎಂಬುದನ್ನು ಅವರು ಲೆಕ್ಕ ಹಾಕಿದ್ದರು. ಅವುಗಳಲ್ಲಿ ಹೆಚ್ಚು ಹೊಳೆಯುವ ನಕ್ಷತ್ರಗಳು ಹೆಚ್ಚು ದಿನ ತೆಗೆದುಕೊಳ್ಳುತ್ತಿದ್ದವು. ಇದು ಗಮನಿಸಬೇಕಾದ ಸಂಗತಿ ಎಂದು ಆ ಪ್ರಬಂಧದಲ್ಲಿ ಒಂದೇ ಒಂದು ವಾಕ್ಯ ಬರೆದಿಟ್ಟರು. ಹದಿನಾರು ನಕ್ಷತ್ರಗಳಿಂದ ನಿಯಮ ಹೇಳುವ ಆತುರ ಅವರಿಗಿರಲಿಲ್ಲ.

ಇಪ್ಪತ್ತೈದು ನಕ್ಷತ್ರಗಳ ಗುಟ್ಟು

ಮುಂದಿನ ನಾಲ್ಕು ವರ್ಷಗಳಲ್ಲಿ ಕಾಯಿಲೆ ಅವರನ್ನು ಮತ್ತೆ ಮತ್ತೆ ಕಾಡಿತು. ಕೆಲಸ ನಿಂತು ನಿಂತು ಸಾಗಿತು. ಕೊನೆಗೆ 1912ರಲ್ಲಿ 25 ನಕ್ಷತ್ರಗಳ ಲೆಕ್ಕ ಸಿದ್ಧವಾಯಿತು. ತೀರಾ ಚುರುಕಾದ ನಕ್ಷತ್ರದ ಸುತ್ತು 1.25 ದಿನ, ತೀರಾ ನಿಧಾನದ್ದು 127 ದಿನ. ಲೆವಿಟ್ ಗ್ರಾಫ್ ಹಾಳೆ ತೆಗೆದುಕೊಂಡು ಒಂದು ಕಡೆ ಸುತ್ತಿನ ದಿನಗಳನ್ನೂ ಇನ್ನೊಂದು ಕಡೆ ಹೊಳಪನ್ನೂ ಗುರುತಿಸಿದರು. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿ ಬೀಳಲಿಲ್ಲ, ಒಂದು ಕ್ರಮದಲ್ಲಿ ಏರುತ್ತಾ ಹೋದವು. ಹೊಳಪು ಹೆಚ್ಚಿದಷ್ಟೂ ಸುತ್ತು ದೀರ್ಘ. ಈಗ ಅನುಮಾನ ಉಳಿಯಲಿಲ್ಲ.

ಇದರಲ್ಲಿ ಅಂಥ ದೊಡ್ಡ ವಿಷಯ ಏನಿದೆ ಎಂದು ನಿಮಗೆ ಅನ್ನಿಸಬಹುದು. ಒಂದು ಉದಾಹರಣೆ ನೋಡೋಣ.

ದೂರದ ಗುಡ್ಡದ ಮೇಲೆ ಜಾತ್ರೆ ನಡೆಯುತ್ತಿದೆ. ನಿಮ್ಮ ಊರಿನಿಂದ ಆ ಗುಡ್ಡದ ದೀಪಗಳು ಕಾಣುತ್ತವೆ. ಗುಡ್ಡ ಹತ್ತು ಕಿಲೋಮೀಟರ್ ದೂರದಲ್ಲಿದ್ದರೆ, ಅಲ್ಲಿನ ಎಲ್ಲ ದೀಪಗಳೂ ಹೆಚ್ಚುಕಡಿಮೆ ಹತ್ತು ಕಿಲೋಮೀಟರ್ ದೂರದಲ್ಲೇ ಇವೆ ಎನ್ನಬಹುದು. ಒಂದು ದೀಪ ಇನ್ನೊಂದಕ್ಕಿಂತ ನೂರು ಹೆಜ್ಜೆ ಹಿಂದಿದ್ದರೂ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಹಾಗಾದರೆ ಆ ದೀಪಗಳಲ್ಲಿ ನಿಮಗೆ ಹೆಚ್ಚು ಪ್ರಕಾಶವಾಗಿ ಕಾಣುವ ದೀಪ ನಿಜಕ್ಕೂ ದೊಡ್ಡ ದೀಪವೇ.

ಮೆಗಲನ್ ಮೋಡದ ನಕ್ಷತ್ರಗಳೂ ಹಾಗೆಯೇ. ಅವೆಲ್ಲ ಒಂದೇ ಗುಂಪಿನಲ್ಲಿರುವುದರಿಂದ ನಮ್ಮಿಂದ ಅವುಗಳ ದೂರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಅಲ್ಲಿ ಹೆಚ್ಚು ಹೊಳೆಯುವಂತೆ ಕಾಣುವ ನಕ್ಷತ್ರ ನಿಜಕ್ಕೂ ಹೆಚ್ಚು ಬೆಳಕು ಸೂಸುವ ನಕ್ಷತ್ರ. ಅಂದರೆ ಸುತ್ತಿನ ದಿನಗಳಿಗೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಸಂಬಂಧವಿದೆ! ಲೆವಿಟ್ ಹಿಡಿದ ಗುಟ್ಟು ಇದೇ.

ಈಗ ಜಾತ್ರೆಯ ದೀಪಗಳೆಲ್ಲ ಮಿಣುಕು ದೀಪಗಳೆಂದು ಇಟ್ಟುಕೊಳ್ಳಿ. ಚಿಕ್ಕ ದೀಪ ಬೇಗ ಬೇಗ ಮಿಣುಕುತ್ತದೆ, ದೊಡ್ಡ ದೀಪ ನಿಧಾನವಾಗಿ ಮಿಣುಕುತ್ತದೆ. ಈ ನಿಯಮ ಒಮ್ಮೆ ಗೊತ್ತಾದರೆ, ಬೇರೆ ಎಲ್ಲಿಯಾದರೂ ಒಂಟಿ ಮಿಣುಕು ದೀಪ ಕಂಡಾಗ ಏನು ಮಾಡುತ್ತೀರಿ? ಅದು ಎಷ್ಟು ಹೊತ್ತಿಗೊಮ್ಮೆ ಮಿಣುಕುತ್ತದೆ ಎಂದು ಎಣಿಸುತ್ತೀರಿ. ಅದರಿಂದ ನಿಜಕ್ಕೂ ಎಷ್ಟು ದೊಡ್ಡ ದೀಪ ಎಂದು ತಿಳಿಯುತ್ತದೆ. ಅಷ್ಟು ದೊಡ್ಡ ದೀಪ ಇಷ್ಟು ಮಂಕಾಗಿ ಕಾಣಬೇಕಾದರೆ ಎಷ್ಟು ದೂರದಲ್ಲಿರಬೇಕು ಎಂದು ಲೆಕ್ಕ ಹಾಕುತ್ತೀರಿ. ಟೇಪು ಬೇಡ, ನಡೆದು ಹೋಗುವುದೂ ಬೇಡ!

ಲೆಕ್ಕ ಸುಲಭವಾದದ್ದೇ. ದೀಪದ ದೂರ ಎರಡು ಪಟ್ಟಾದರೆ ನಮಗೆ ಬರುವ ಬೆಳಕು ನಾಲ್ಕನೆಯ ಒಂದು ಭಾಗವಾಗುತ್ತದೆ. ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗ. ಹತ್ತು ಪಟ್ಟಾದರೆ ನೂರನೆಯ ಒಂದು ಭಾಗ. ಒಂದೇ ಅವಧಿಯ ಎರಡು ಸೆಫೀಡ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ನೂರು ಪಟ್ಟು ಮಂಕಾಗಿ ಕಂಡರೆ, ಅದು ಹತ್ತು ಪಟ್ಟು ದೂರದಲ್ಲಿದೆ ಎಂದರ್ಥ.

ಅಳತೆಗೋಲಿಗೆ ಗುರುತು ಬೇಕು

ಅದಕ್ಕೆ ಮೊದಲು ನಕ್ಷತ್ರಗಳ ದೂರ ಅಳೆಯಲು ಇದ್ದ ಮುಖ್ಯ ದಾರಿ ಒಂದೇ. ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಬಳಿಕ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಜರುಗಿದಂತೆ ಕಾಣುತ್ತದೆ ಅಲ್ಲವೇ? ಬೆರಳು ದೂರ ಹೋದಷ್ಟೂ ಜರುಗುವುದು ಕಡಿಮೆ. ಹಾಗೆಯೇ ಭೂಮಿ ಸೂರ್ಯನ ಸುತ್ತ ತಿರುಗುವಾಗ, ಆರು ತಿಂಗಳ ಅಂತರದಲ್ಲಿ ನೋಡಿದರೆ ಹತ್ತಿರದ ನಕ್ಷತ್ರಗಳು ಕೂದಲೆಳೆಯಷ್ಟು ಜರುಗಿದಂತೆ ಕಾಣುತ್ತವೆ. 1838ರಲ್ಲಿ ಜರ್ಮನಿಯ ಬೆಸೆಲ್ ಈ ರೀತಿ ಒಂದು ನಕ್ಷತ್ರದ ದೂರ ಅಳೆದರು. ಅದು ಸುಮಾರು 11 ಜ್ಯೋತಿರ್ವರ್ಷ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಜ್ಯೋತಿರ್ವರ್ಷ, ಅಂದರೆ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರ್. ಆದರೆ ಈ ವಿಧಾನ ಹತ್ತಿರದ ನಕ್ಷತ್ರಗಳಿಗೆ ಮಾತ್ರ ಸಾಕಾಗುತ್ತಿತ್ತು. ಅದರಾಚೆ ಎಲ್ಲವೂ ಊಹೆ.

ಲೆವಿಟ್ ಕೊಟ್ಟ ಅಳತೆಗೋಲು ಬಹಳ ದೂರದವರೆಗೆ ಹೋಗಬಲ್ಲದು. ಆದರೆ ಅದರ ಮೇಲೆ ಇನ್ನೂ ಗುರುತುಗಳಿರಲಿಲ್ಲ. ಯಾವುದು ಎಷ್ಟು ಪಟ್ಟು ದೂರ ಎಂದು ಗೊತ್ತಾಗುತ್ತಿತ್ತೇ ಹೊರತು ಎಷ್ಟು ಜ್ಯೋತಿರ್ವರ್ಷ ಎಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಹತ್ತಿರದ ಕೆಲವು ಸೆಫೀಡ್‌ಗಳ ದೂರವನ್ನಾದರೂ ಬೇರೆ ವಿಧಾನದಿಂದ ತಿಳಿಯಬೇಕು. ಲೆವಿಟ್ ತಮ್ಮ 1912ರ ಪ್ರಬಂಧದಲ್ಲೇ ಈ ಆಸೆಯನ್ನು ವ್ಯಕ್ತಪಡಿಸಿದ್ದರು.

ಆದರೆ ಅವರಿಗೆ ಮುಂದುವರಿಯುವ ಸ್ವಾತಂತ್ರ್ಯವಿರಲಿಲ್ಲ. ಪಿಕರಿಂಗ್ ಅವರ ದೃಷ್ಟಿಯಲ್ಲಿ ವೀಕ್ಷಣಾಲಯದ ಕೆಲಸ ಮಾಹಿತಿ ಕೂಡಿಹಾಕುವುದು. ಅವರು ಲೆವಿಟ್‌ಗೆ ಬೇರೊಂದು ದೊಡ್ಡ ಕೆಲಸ ಒಪ್ಪಿಸಿದ್ದರು. ಫೋಟೋಗಳಲ್ಲಿ ನಕ್ಷತ್ರಗಳ ಹೊಳಪನ್ನು ಎಲ್ಲರೂ ಒಂದೇ ರೀತಿ ಅಳೆಯಲು ಧ್ರುವ ನಕ್ಷತ್ರದ ಸುತ್ತಲಿನ ನಕ್ಷತ್ರಗಳ ಒಂದು ಮಾದರಿ ಪಟ್ಟಿ ಮಾಡಬೇಕಿತ್ತು. ಲೆವಿಟ್ 13 ದೂರದರ್ಶಕಗಳಿಂದ ತೆಗೆದ 299 ಫಲಕಗಳನ್ನು ಪರೀಕ್ಷಿಸಿ ಅದನ್ನೂ ಅಚ್ಚುಕಟ್ಟಾಗಿ ಮಾಡಿದರು. ಅಂತರರಾಷ್ಟ್ರೀಯ ಸಮಿತಿಯೊಂದು 1913ರಲ್ಲಿ ಆ ಮಾದರಿಯನ್ನು ಒಪ್ಪಿಕೊಂಡಿತು. ಅದು ಬೇಕಾದ ಕೆಲಸವೇ. ಆದರೆ ತಾವೇ ಕಂಡುಹಿಡಿದ ದಾರಿಯಲ್ಲಿ ಮುಂದೆ ನಡೆಯುವ ಅವಕಾಶ ಅವರಿಗೆ ಸಿಗಲಿಲ್ಲ. ಇನ್ನೊಂದು ಮಾತು ಕೇಳಿ. 1912ರ ಆ ಪ್ರಬಂಧದ ಕೊನೆಯಲ್ಲಿದ್ದ ಸಹಿ ಪಿಕರಿಂಗ್ ಅವರದು. ಅದನ್ನು ಸಿದ್ಧಪಡಿಸಿದವರು ಲೆವಿಟ್ ಎಂದು ಮೊದಲ ವಾಕ್ಯದಲ್ಲಿ ತಿಳಿಸಲಾಗಿತ್ತು, ಅಷ್ಟೇ.

ಅಳತೆಗೋಲಿಗೆ ಗುರುತು ಹಾಕುವ ಪ್ರಯತ್ನವನ್ನು 1913ರಲ್ಲಿ ಮೊದಲು ಮಾಡಿದವರು ಡೆನ್ಮಾರ್ಕಿನ ಹರ್ಟ್ಸ್‌ಸ್ಪ್ರಂಗ್. ಬಳಿಕ ಅಮೆರಿಕದ ಹಾರ್ಲೊ ಶೇಪ್ಲಿ ಇದೇ ದಾರಿ ಹಿಡಿದು ನಮ್ಮ ಆಕಾಶಗಂಗೆಯನ್ನೇ ಅಳೆಯಲು ಹೊರಟರು. ಅದರ ಅಗಲ ಸುಮಾರು 3 ಲಕ್ಷ ಜ್ಯೋತಿರ್ವರ್ಷ ಎಂದು ಅವರಿಗೆ ಲೆಕ್ಕ ಸಿಕ್ಕಿತು. ಅದು ಹೆಚ್ಚಾಯಿತು, ನಿಜವಾದ ಅಗಲ ಸುಮಾರು 1 ಲಕ್ಷ ಎಂದು ಮುಂದೆ ತಿಳಿಯಿತು. ಆದರೆ ಸೂರ್ಯ ಆಕಾಶಗಂಗೆಯ ನಡುವೆ ಇಲ್ಲ, ನಡುವಿನಿಂದ ಬಹಳ ದೂರದಲ್ಲಿದ್ದಾನೆ ಎಂಬ ಅವರ ಮಾತು ಸರಿಯಾಗಿತ್ತು.

ವಿಶ್ವ ದೊಡ್ಡದಾದ ಕಥೆ

ಆಗ ವಿಜ್ಞಾನಿಗಳ ನಡುವೆ ಒಂದು ದೊಡ್ಡ ವಾದ ನಡೆಯುತ್ತಿತ್ತು. ಆಕಾಶದಲ್ಲಿ ಸುರುಳಿಯಾಕಾರದ ಮಬ್ಬು ಕಾಯಗಳು ಕಾಣುತ್ತಿದ್ದವು. ಆಂಡ್ರೊಮೀಡಾ ಅವುಗಳಲ್ಲೊಂದು. ಇವು ನಮ್ಮ ಆಕಾಶಗಂಗೆಯ ಒಳಗೇ ಇವೆಯೋ, ಅಥವಾ ಹೊರಗಿರುವ ಬೇರೆ ಗೆಲಾಕ್ಸಿಗಳೋ? ಒಳಗಿವೆ ಎಂದು ಶೇಪ್ಲಿ, ಹೊರಗಿವೆ ಎಂದು ಹೀಬರ್ ಕರ್ಟಿಸ್. 1920ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ತಮ್ಮ ತಮ್ಮ ವಾದ ಮಂಡಿಸಿದರು. ಆದರೂ ಯಾರು ಸರಿ ಎಂದು ತೀರ್ಮಾನವಾಗಲಿಲ್ಲ. ಆಂಡ್ರೊಮೀಡಾ ಎಷ್ಟು ದೂರದಲ್ಲಿದೆ ಎಂದು ಖಚಿತವಾಗಿ ಗೊತ್ತಿದ್ದವರು ಯಾರೂ ಇರಲಿಲ್ಲವಲ್ಲ!

1921ರಲ್ಲಿ ಶೇಪ್ಲಿ ಹಾರ್ವರ್ಡ್ ವೀಕ್ಷಣಾಲಯದ ಮುಖ್ಯಸ್ಥರಾಗಿ ಬಂದರು. ನಕ್ಷತ್ರಗಳ ಹೊಳಪು ಅಳೆಯುವ ವಿಭಾಗಕ್ಕೆ ಲೆವಿಟ್ ಅವರನ್ನು ಮುಖ್ಯಸ್ಥೆಯಾಗಿ ಮಾಡಿದರು. ಆದರೆ ಅಷ್ಟರಲ್ಲಿ ಕ್ಯಾನ್ಸರ್ ಅವರನ್ನು ಹಿಡಿದಿತ್ತು. ಅದೇ ವರ್ಷ ಡಿಸೆಂಬರ್ 12ರಂದು ಲೆವಿಟ್ ತೀರಿಕೊಂಡರು. ಆಗ ಅವರಿಗೆ 53 ವರ್ಷ.

ಅವರು ತೀರಿಕೊಂಡು ಎರಡು ವರ್ಷವೂ ಆಗಿರಲಿಲ್ಲ. 1923ರ ಅಕ್ಟೋಬರ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಶಿಖರದ ಮೇಲೆ ಎಡ್ವಿನ್ ಹಬಲ್ ಎಂಬ ವಿಜ್ಞಾನಿ ಆಂಡ್ರೊಮೀಡಾದ ಫೋಟೋ ತೆಗೆದರು. ಅವರು ಬಳಸಿದ್ದು 100 ಅಂಗುಲ ಅಗಲದ ಕನ್ನಡಿಯಿದ್ದ ದೂರದರ್ಶಕ, ಆಗ ಜಗತ್ತಿನಲ್ಲೇ ಅತಿ ದೊಡ್ಡದು. ಫಲಕದಲ್ಲಿ ಕಂಡ ಒಂದು ಚುಕ್ಕೆಯನ್ನು ಹಬಲ್ ಮೊದಲು ನೋವಾ, ಅಂದರೆ ಹಠಾತ್ತನೆ ಹೊಳೆಯುವ ನಕ್ಷತ್ರ ಎಂದು ಗುರುತು ಮಾಡಿದರು. ಹಳೆಯ ಫಲಕಗಳನ್ನು ತೆಗೆದು ಹೋಲಿಸಿದಾಗ ಅದು ಹೊಳಪೇರಿ, ಮಂಕಾಗಿ, ಮತ್ತೆ ಹೊಳಪೇರುವುದು ಕಂಡಿತು. ಮೊದಲಿನ ಗುರುತನ್ನು ಹೊಡೆದುಹಾಕಿ ಚರ ನಕ್ಷತ್ರ ಎಂದು ಬರೆದರು. ಅದೊಂದು ಸೆಫೀಡ್! ಅದರ ಸುತ್ತು ಸುಮಾರು 31 ದಿನ.

ಮುಂದಿನ ಲೆಕ್ಕಕ್ಕೆ ಲೆವಿಟ್ ಅವರ ನಿಯಮ ಇದ್ದೇ ಇತ್ತು. 31 ದಿನದ ಸೆಫೀಡ್ ನಿಜಕ್ಕೂ ಎಷ್ಟು ಬೆಳಕು ಸೂಸುತ್ತದೆ? ಆದರೆ ಇಲ್ಲಿ ಎಷ್ಟು ಮಂಕಾಗಿ ಕಾಣುತ್ತಿದೆ? ಹಬಲ್‌ಗೆ ಸಿಕ್ಕಿದ ಉತ್ತರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಶೇಪ್ಲಿ ಹೇಳಿದ ಆಕಾಶಗಂಗೆಯ ಅಗಲವೇ 3 ಲಕ್ಷ. ಅಂದ ಮೇಲೆ ಆಂಡ್ರೊಮೀಡಾ ಅದರ ಒಳಗೆ ಇರುವುದು ಹೇಗೆ ಸಾಧ್ಯ? ಹಬಲ್ ಬರೆದ ಕಾಗದ ಓದಿದ ಶೇಪ್ಲಿ, ತಾವು ಕಟ್ಟಿಕೊಂಡಿದ್ದ ವಿಶ್ವದ ಚಿತ್ರ ಕುಸಿಯಿತೆಂದು ಒಪ್ಪಿಕೊಂಡರು. 1925ರ ಜನವರಿ 1ರಂದು ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಈ ಫಲಿತಾಂಶವನ್ನು ಎಲ್ಲರ ಮುಂದೆ ಓದಲಾಯಿತು. ನಮ್ಮ ಆಕಾಶಗಂಗೆಯಂಥ ಗೆಲಾಕ್ಸಿಗಳು ಇನ್ನೂ ಇವೆ ಎಂದು ಮನುಷ್ಯನಿಗೆ ಖಚಿತವಾಯಿತು. 1929ರಲ್ಲಿ ಹಬಲ್, ಗೆಲಾಕ್ಸಿಗಳು ದೂರವಿದ್ದಷ್ಟೂ ವೇಗವಾಗಿ ನಮ್ಮಿಂದ ದೂರ ಸರಿಯುತ್ತಿವೆ ಎಂದು ತೋರಿಸಿದರು. ಅದಕ್ಕೂ ಆಧಾರವಾಗಿ ನಿಂತದ್ದು ಸೆಫೀಡ್‌ಗಳೇ.

ಹಬಲ್ ಅವರ 9 ಲಕ್ಷಕ್ಕೂ ನಾನು ಮೊದಲು ಹೇಳಿದ 25 ಲಕ್ಷಕ್ಕೂ ಏಕೆ ಇಷ್ಟು ವ್ಯತ್ಯಾಸ? ಸೆಫೀಡ್‌ಗಳಲ್ಲಿ ಎರಡು ಬಗೆಗಳಿವೆ, ಒಂದೇ ಅವಧಿಯಿದ್ದರೂ ಅವುಗಳ ಪ್ರಕಾಶ ಬೇರೆ ಬೇರೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದರು. ಅಳತೆಗೋಲಿನ ಗುರುತು ತಿದ್ದಬೇಕಾಯಿತು. ಮುಂದೆ ಅಳತೆಗಳು ಇನ್ನಷ್ಟು ಉತ್ತಮಗೊಂಡವು. ಅಳತೆಗೋಲನ್ನು ಯಾರೂ ಎಸೆಯಲಿಲ್ಲ, ಸರಿಪಡಿಸಿಕೊಂಡರು. ವಿಜ್ಞಾನ ಬೆಳೆಯುವುದೇ ಹೀಗೆ.

ತಡವಾಗಿ ಬಂದ ಕಾಗದ

1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್ ಲೆಫ್ಲರ್ ಹಾರ್ವರ್ಡಿಗೆ ಒಂದು ಕಾಗದ ಬರೆದರು. ಲೆವಿಟ್ ಅವರ ಶೋಧ ಅವರಿಗೆ ಬಹಳ ಮೆಚ್ಚುಗೆಯಾಗಿತ್ತು. ನೊಬೆಲ್ ಬಹುಮಾನಕ್ಕೆ ಅವರ ಹೆಸರು ಸೂಚಿಸಬೇಕೆಂದು ಯೋಚಿಸಿದ್ದರು. ಆದರೆ ಲೆವಿಟ್ ತೀರಿಕೊಂಡು ಮೂರು ವರ್ಷ ದಾಟಿರುವುದು ಅವರಿಗೆ ಗೊತ್ತೇ ಇರಲಿಲ್ಲ! ತೀರಿಕೊಂಡವರ ಹೆಸರನ್ನು ಆ ಬಹುಮಾನಕ್ಕೆ ಸೂಚಿಸುವಂತಿಲ್ಲ.

ಇಂದು ಚಂದ್ರನ ಮೇಲಿನ ಒಂದು ಕುಳಿಗೂ ಒಂದು ಕ್ಷುದ್ರಗ್ರಹಕ್ಕೂ ಲೆವಿಟ್ ಅವರ ಹೆಸರಿದೆ. ಸೆಫೀಡ್‌ಗಳ ನಿಯಮವನ್ನು ಲೆವಿಟ್ ನಿಯಮ ಎಂದೇ ಅನೇಕ ವಿಜ್ಞಾನಿಗಳು ಕರೆಯುತ್ತಾರೆ. 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕ ಮತ್ತು 2021ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕ ಬಹು ದೂರದ ಗೆಲಾಕ್ಸಿಗಳಲ್ಲಿ ಸೆಫೀಡ್‌ಗಳನ್ನು ಹುಡುಕಿ ಅಳೆದಿವೆ. ಐದು ಲಕ್ಷಕ್ಕೂ ಹೆಚ್ಚು ಗಾಜಿನ ಫಲಕಗಳನ್ನು ಹಾರ್ವರ್ಡಿನಲ್ಲಿ ಇಂದಿಗೂ ಜೋಪಾನವಾಗಿ ಇಡಲಾಗಿದೆ.

ಟೇಪಿನ ಪ್ರಶ್ನೆ ಕೇಳಿದ ಹುಡುಗಿಗೆ ನಾನು ಕೊಟ್ಟ ಉತ್ತರ ಈ ಕಥೆಯೇ. ಲೆವಿಟ್ ಕೈಗೆ ಬಂದದ್ದು ಬೇರೆಯವರು ತೆಗೆದ ಫೋಟೋಗಳು, ಬೇರೆಯವರು ಒಪ್ಪಿಸಿದ ಕೆಲಸ. ಆದರೆ ತಾವು ಬರೆದ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಅವರದೇ ಗುಣ. ನೀವೂ ಪ್ರಯೋಗ ಮಾಡಿ ಅಂಕಿಗಳನ್ನು ಪಟ್ಟಿಯಲ್ಲಿ ಬರೆದ ಮೇಲೆ ಪುಸ್ತಕ ಮುಚ್ಚುವ ಮೊದಲು ಒಂದು ಕ್ಷಣ ಆ ಪಟ್ಟಿಯನ್ನೇ ನೋಡಿ. ಅದರಲ್ಲಿ ಏನಾದರೂ ಕ್ರಮ ಕಾಣುತ್ತದೆಯೇ?

ಮಾಡಿ ನೋಡಿ

ಬೇಕಾದ ವಸ್ತುಗಳು: ಮೊಬೈಲ್ ಫೋನಿನ ಟಾರ್ಚ್, ಒಂದು ದಪ್ಪ ರಟ್ಟು, ಸೆಂಟಿಮೀಟರ್ ಚೌಕಗಳಿರುವ ಗ್ರಾಫ್ ಹಾಳೆ, ಅಳತೆಪಟ್ಟಿ.

1. ರಟ್ಟಿನ ನಡುವೆ ಸರಿಯಾಗಿ 1 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಚೌಕ ಕತ್ತರಿಸಿ.
2. ಕೋಣೆ ಕತ್ತಲೆ ಮಾಡಿ. ಟಾರ್ಚಿನಿಂದ 10 ಸೆಂ.ಮೀ. ದೂರದಲ್ಲಿ ರಟ್ಟನ್ನು ನೆಟ್ಟಗೆ ನಿಲ್ಲಿಸಿ.
3. ಟಾರ್ಚಿನಿಂದ 20 ಸೆಂ.ಮೀ. ದೂರದಲ್ಲಿ ಗ್ರಾಫ್ ಹಾಳೆ ಹಿಡಿಯಿರಿ. ಎಷ್ಟು ಚೌಕಗಳ ಮೇಲೆ ಬೆಳಕು ಬಿತ್ತು? ಬರೆದುಕೊಳ್ಳಿ.
4. ಹಾಳೆಯನ್ನು 30 ಸೆಂ.ಮೀ. ದೂರಕ್ಕೆ, ಬಳಿಕ 40 ಸೆಂ.ಮೀ. ದೂರಕ್ಕೆ ಒಯ್ದು ಮತ್ತೆ ಎಣಿಸಿ.

ಒಂದು ಚೌಕದಲ್ಲಿ ತೂರಿದ ಬೆಳಕೇ ಸುಮಾರು 4, 9, 16 ಚೌಕಗಳಿಗೆ ಹಂಚಿಹೋಗುವುದನ್ನು ನೀವು ಕಾಣುವಿರಿ. ದೂರದ ದೀಪ ಏಕೆ ಮಂಕಾಗಿ ಕಾಣುತ್ತದೆ ಎಂದು ಈಗ ಹೇಳಬಲ್ಲಿರಾ?

ಆಕಾಶದಲ್ಲಿ ನೋಡಿ

ಡಿಸೆಂಬರ್ ಮೊದಲ ವಾರದ ಆಸುಪಾಸಿನಲ್ಲಿ, ಚಂದ್ರನಿಲ್ಲದ ರಾತ್ರಿ ಸುಮಾರು 8 ಗಂಟೆಗೆ, ಬೀದಿ ದೀಪಗಳಿಲ್ಲದ ಕಡೆ ದೊಡ್ಡವರೊಂದಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಇಂಗ್ಲಿಷಿನ ಎಂ ಅಕ್ಷರದಂತೆ ಐದು ನಕ್ಷತ್ರಗಳು ಕಾಣುತ್ತವೆ. ಅದೇ ಕೆಸಿಯೋಪಿಯ. ಎಂ ಅಕ್ಷರದ ಎರಡು ಕೋನಗಳಲ್ಲಿ ಹೆಚ್ಚು ಚೂಪಾಗಿರುವುದು ಬಾಣದಂತೆ ನೆತ್ತಿಯ ಕಡೆಗೆ ತೋರಿಸುತ್ತದೆ. ಆ ದಿಕ್ಕಿನಲ್ಲಿ ನಿಧಾನವಾಗಿ ಹುಡುಕಿದರೆ ಮಸುಕಾದ, ಉದ್ದನೆಯ ಒಂದು ಬೆಳಕಿನ ಕಲೆ ಸಿಗುತ್ತದೆ. ಅದೇ ಆಂಡ್ರೊಮೀಡಾ ಗೆಲಾಕ್ಸಿ. ನಿಮ್ಮ ಕಣ್ಣಿಗೆ ಬೀಳುವ ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ಅಷ್ಟು ದೂರವೆಂದು ನಮಗೆ ಗೊತ್ತಾದದ್ದು ಹೇಗೆ ಎಂದು ಜೊತೆಯಲ್ಲಿದ್ದವರಿಗೆ ನೀವೇ ವಿವರಿಸಿ.